ಹಳೆ ಐಫೋನಿಗೆ ನೆಟ್‌ಫ್ಲಿಕ್ಸ್ ಇಳಿಸುವುದು ಹೇಗೆ?

ಐಫೋನ್ 5ಎಸ್, ಐಫೋನ್ 6, ಮೊದಲ ಐಪ್ಯಾಡ್ ಏರ್ ಇವೆಲ್ಲ ಐಓಎಸ್ (ಆಪಲ್ ಫೋನುಗಳನ್ನು ನಡೆಸುವ ತಂತ್ರಾಂಶ) 12ಕ್ಕೇ ನಿಂತವು. ಆಪ್ ಸ್ಟೋರ್‌ನಲ್ಲಿ ನೆಟ್‌ಫ್ಲಿಕ್ಸ್ ಹುಡುಕಿ ‘ಗೆಟ್’ ಒತ್ತಿದರೆ, ಹೊಸ ಐಓಎಸ್ ಬೇಕು ಎನ್ನುತ್ತದೆ. ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಆದರೆ ಆ ಫೋನಿಗೆ ಒಗ್ಗುವ ಹಳೆಯ ಆವೃತ್ತಿಯನ್ನು ಆಪ್ ಸ್ಟೋರ್ ಕೊಡಬಲ್ಲದು. ನಿಮ್ಮ ಆಪಲ್ ಐಡಿಯ ‘ಪರ್ಚೇಸ್ಡ್’ (ಹಿಂದೆ ಇಳಿಸಿಕೊಂಡ ಆಪ್‌ಗಳ) ಪಟ್ಟಿಯಲ್ಲಿ ಆ ಆಪ್ ಇರಬೇಕು, ಅಷ್ಟೇ.

1. ಒಂದು ಜಿಬಿ ಜಾಗ ಖಾಲಿ ಮಾಡಿ. ದಿನಾಂಕ, ಸಮಯ ಸರಿಯಿರಲಿ. ತಪ್ಪಿದ್ದರೆ ಲಾಗಿನ್ನೇ ಆಗದು.

2. ಎಡವುವುದು ಇಲ್ಲಿ. ಪಟ್ಟಿಯಲ್ಲಿ ಆಪ್ ಇಲ್ಲದಿದ್ದರೆ, ಸೇರಿಸಲು ಮನೆಯವರ ಹೊಸ ಐಫೋನ್ ಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ಹೆಸರು ಒತ್ತಿ, ‘ಮೀಡಿಯಾ ಆ್ಯಂಡ್ ಪರ್ಚೇಸಸ್’ನಿಂದ ಮಾತ್ರ ಸೈನ್ ಔಟ್ ಆಗಿ, ಹಳೆ ಫೋನಿನ ಐಡಿ ಹಾಕಿ. ಪುಟದ ತಳದಲ್ಲಿರುವ ಸೈನ್ ಔಟ್ ಬೇರೆ. ಅದನ್ನು ಒತ್ತಿ ಕಾಂಟ್ಯಾಕ್ಟ್‌ಗಳೆಲ್ಲ ಮಾಯವಾದವೆಂದು ಗಾಬರಿಯಾಗುವವರು ಕಡಿಮೆಯಿಲ್ಲ. ಸ್ಟೋರ್‌ನಲ್ಲಿ ‘ಗೆಟ್’ ಒತ್ತಿ ಆಪ್ ಇಳಿಸಿ. ತೆರೆಯಬೇಕಿಲ್ಲ. ಅಲ್ಲಿ ಆಟೊಮ್ಯಾಟಿಕ್ ಡೌನ್‌ಲೋಡ್ ಆಫ್ ಇರಲಿ, ಹಳೆಯ ಖರೀದಿಗಳನ್ನು ಮುಟ್ಟಬೇಡಿ. ಮುಟ್ಟಿದರೆ ಆ ಫೋನು 90 ದಿನ ನಿಮ್ಮ ಐಡಿಗೇ ಅಂಟಿಕೊಳ್ಳಬಹುದು. ಮುಗಿದ ಮೇಲೆ ಅವರ ಐಡಿಯನ್ನೇ ಮರಳಿ ಹಾಕಿಕೊಡಿ.

3. ಈಗ ಹಳೆ ಫೋನು. ಹುಡುಕಾಟದ ಪುಟಕ್ಕೆ ಹೋಗಬೇಡಿ. ಆಪ್ ಸ್ಟೋರ್‌ನ ಬಲಮೂಲೆಯ ದುಂಡು ಚಿತ್ರ ಒತ್ತಿ, ‘ಪರ್ಚೇಸ್ಡ್’, ಒಳಗೆ ‘ನಾಟ್ ಆನ್ ದಿಸ್ ಐಫೋನ್’. ಆಪ್ ಪಕ್ಕದ ಮೋಡದ ಗುರುತು ಒತ್ತಿದರೆ, ಹೊಂದುವ ಕೊನೆಯ ಆವೃತ್ತಿ ಇಳಿಸಲೇ ಎಂದು ಕೇಳುತ್ತದೆ. ‘ಡೌನ್‌ಲೋಡ್’ ಅನ್ನಿ. ಪಟ್ಟಿಯಲ್ಲಿ ಆಪ್ ಕಾಣದಿದ್ದರೆ ಐಡಿ ಬೇರೆಯಾಗಿದೆ, ಇಲ್ಲವೇ ಎಂದೋ ಆ ಆಪನ್ನು ‘ಹೈಡ್’ ಮಾಡಿದ್ದೀರಿ.

4. ಲಾಗಿನ್ ಆಗಿ ನೋಡಿ.

ತೆರೆದ ಕೂಡಲೇ ‘ಅಪ್‌ಡೇಟ್ ಮಾಡಿ’ ಎಂದು ಪಟ್ಟು ಹಿಡಿದರೆ, ಆ ಆವೃತ್ತಿಗೆ ಕಂಪನಿಯ ಸರ್ವರ್ ಬಾಗಿಲು ಹಾಕಿದೆ ಎಂದರ್ಥ. ಯಾವ ಸೆಟ್ಟಿಂಗ್ ತಿರುವಿದರೂ ದಕ್ಕದು. ಇದೇ ರೀತಿ ಇಳಿಸಿದ ಯೂಟ್ಯೂಬ್ ಆಪ್‌ಗೂ ಈ ಗತಿಯಾದರೆ ಸಫಾರಿಯಲ್ಲಿ ತೆರೆದು ನೋಡಿ. ನಡೆದರೆ ‘ಆ್ಯಡ್ ಟು ಹೋಮ್ ಸ್ಕ್ರೀನ್’ ಕೊಟ್ಟುಬಿಡಿ. ಐಫೋನ್ 6ರಲ್ಲಿ ಇರುವುದೇ ಒಂದು ಜಿಬಿ ರ್‍ಯಾಮ್, ವಿಡಿಯೊ ಗುಣಮಟ್ಟ 480ಪಿ ಸಾಕು. ‘ಪ್ರೊಫೈಲ್ ಇನ್‌ಸ್ಟಾಲ್ ಮಾಡಿ, ಎಲ್ಲ ಆಪ್ ಓಡುತ್ತದೆ’ ಎನ್ನುವ ಸೈಟುಗಳ ಕಡೆ ತಲೆಹಾಕಲೇಬೇಡಿ. ಆ ಪ್ರೊಫೈಲ್ ಎಂದರೆ ಫೋನಿನ ಸೆಟ್ಟಿಂಗ್ ಬದಲಿಸುವ ಕಡತ, ಅದು ನಿಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲದು.

ಇನ್ನೊಂದು. ಸೆಟ್ಟಿಂಗ್ಸ್‌ನ ‘ಐಟ್ಯೂನ್ಸ್ ಆ್ಯಂಡ್ ಆಪ್ ಸ್ಟೋರ್’ನಲ್ಲಿ ‘ಆಫ್‌ಲೋಡ್ ಅನ್‌ಯೂಸ್ಡ್ ಆಪ್ಸ್’ ಆಫ್ ಮಾಡಿ. ಇಲ್ಲದಿದ್ದರೆ ಜಾಗ ಕಡಿಮೆಯಾದಾಗ, ಬಹಳ ದಿನ ನೋಡದೆ ಬಿಟ್ಟ ಆಪನ್ನು ಫೋನೇ ಕಿತ್ತುಹಾಕೀತು, ಮತ್ತೆ ಇಳಿಸಬೇಕು.