ಚಳ್ಳಕೆರೆ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅಳೆಯುವ ಬಗೆ: ಎಂ.ಎಸ್ಸಿ. ಪ್ರಾಜೆಕ್ಟಿಗೊಂದು ಕೈಪಿಡಿ

ನೈಸರ್ಗಿಕ ವಿಷಗಳ ಮೇಲೆ ಸಂಶೋಧನೆ ಮಾಡಬೇಕು ಎನ್ನುವ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಹಾವಿನ ವಿಷ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಗದಪತ್ರ ಓಡಾಡುವಷ್ಟರಲ್ಲಿ ನಾಲ್ಕನೇ ಸೆಮಿಸ್ಟರ್ ಮುಗಿದಿರುತ್ತದೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಓದುವವರಿಗೆ ಅಷ್ಟೇ ಗಂಭೀರವಾದ ವಿಷವೊಂದು ಚಳ್ಳಕೆರೆಯ ಶೇಂಗಾ ಚೀಲದಲ್ಲೇ ಸಿಗಬಹುದು. ಆಸ್ಪರ್ಜಿಲಸ್ ಫ್ಲೇವಸ್, ಆಸ್ಪರ್ಜಿಲಸ್ ಪ್ಯಾರಾಸಿಟಿಕಸ್ ಎಂಬ ಬೂಷ್ಟುಗಳು ಅಫ್ಲಾಟಾಕ್ಸಿನ್ ತಯಾರಿಸುತ್ತವೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಸೋಂಕು ಹೊಲದಲ್ಲೇ ತಗಲುತ್ತದೆ; ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಗೋದಾಮಿನಲ್ಲಿ ಹೆಚ್ಚುತ್ತದೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಹೀಗೆ ಮಳೆ ಕೈಕೊಡುವುದು ಮಾಮೂಲು.

ಇಂಥ ಪ್ರಾಜೆಕ್ಟು ಕೆಡುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ಚೀಲದ ಬಳಿ. ವಿಷ ಎಲ್ಲ ಕಾಳಲ್ಲೂ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳು ಶುದ್ಧವಾಗಿದ್ದು ಒಂದರಲ್ಲಿ ಮಾತ್ರ 10 ಲಕ್ಷ ಪಿಪಿಬಿ, ಅಂದರೆ ಕೆ.ಜಿ.ಗೆ 10 ಲಕ್ಷ ಮೈಕ್ರೊಗ್ರಾಂ ಲೆಕ್ಕದಲ್ಲಿ, ಇರಬಹುದು. ಅರ್ಧ ಗ್ರಾಂ ತೂಗುವ ಅಂಥ ಒಂದು ಕಾಳಿನಲ್ಲಿ 500 ಮೈಕ್ರೊಗ್ರಾಂ ವಿಷ. ಅದು 20 ಕೆ.ಜಿ. ಬೀಜದಲ್ಲಿ ಬೆರೆತರೆ 25 ಪಿಪಿಬಿ. ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ನಮ್ಮ ದೇಶದಲ್ಲಿರುವ 15 ಪಿಪಿಬಿ ಮಿತಿ ದಾಟಿತು. ಅದೇ ರಾಶಿಯಿಂದ ಒಂದು ಹಿಡಿ, 100 ಗ್ರಾಂ, ತಂದರೆ ಉತ್ತರ ಬಹುತೇಕ ಸೊನ್ನೆ. ಆ ಕಾಳು ಕೈಗೆ ಬಂದುಬಿಟ್ಟರೆ 5,000. ಎರಡೂ ಸುಳ್ಳೇ.

ಯುರೋಪಿನ ಕ್ರಮದಲ್ಲಿ ದೊಡ್ಡ ರಾಶಿಯ ಬೇರೆ ಬೇರೆ ಕಡೆಯಿಂದ 200 ಗ್ರಾಂನಂತೆ 100 ಸಲ ತೆಗೆದು 20 ಕೆ.ಜಿ. ಕೂಡಿಸುತ್ತಾರೆ. ವಿದ್ಯಾರ್ಥಿಯ ಜೇಬಿಗೆ ಅದು ಭಾರ. ರಾಶಿಯೊಂದಕ್ಕೆ ಕನಿಷ್ಠ 5 ಕೆ.ಜಿ. ಬೀಜವಾದರೂ ಇರಲಿ: 25 ಚೀಲಗಳಿಂದ 200 ಗ್ರಾಂನಂತೆ, ಮೇಲೆ, ನಡುವೆ, ತಳದಿಂದ. ಅಡತಿ ಅಂಗಡಿಯಲ್ಲಿ ತೋರಿಸಲು ಇಟ್ಟ ತಟ್ಟೆಯ ಕಾಳು ಬೇಡ, ಅದು ಆರಿಸಿ ಇಟ್ಟದ್ದು. ಸುಕ್ಕಿದ, ಹುಳು ಕೊರೆದ, ಮುಗ್ಗಿದ ಕಾಳನ್ನು ನೀವೂ ಆರಿಸಿ ಎಸೆಯಬೇಡಿ, ವಿಷದ ಬಹುಪಾಲು ಅವುಗಳಲ್ಲೇ ಇರುತ್ತದೆ. ತಳಿ, ಬಿತ್ತನೆ ಮತ್ತು ಕೊನೆಯ ಮಳೆಯ ದಿನಾಂಕ, ತೇವಾಂಶ ಬರೆದುಕೊಳ್ಳಿ. ಬೀಜದ ತೇವಾಂಶ 7%ಗಿಂತ ಮೇಲಿದ್ದರೆ ಬಟ್ಟೆ ಚೀಲದಲ್ಲಿ ತಂದು ಅಂದೇ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದರೆ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ.

ತಂದ ಐದೂ ಕೆ.ಜಿ. ಪುಡಿ ಮಾಡಬೇಕು. ಒಂದಿಷ್ಟು ತೆಗೆದು ರುಬ್ಬಿ ಮಿಕ್ಕದ್ದನ್ನು ಬದಿಗಿಟ್ಟರೆ ಮೇಲಿನ ಶ್ರಮವೆಲ್ಲ ದಂಡ. ಶೇಂಗಾದಲ್ಲಿ ಎಣ್ಣೆ ಹೆಚ್ಚು. ಮಿಕ್ಸಿ ಬಿಸಿಯಾದರೆ ಪುಡಿ ಹೋಗಿ ಮುದ್ದೆಯಾಗುತ್ತದೆ. ಬೀಜವನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, 10–15 ಸೆಕೆಂಡಿನಂತೆ ಬಿಟ್ಟು ಬಿಟ್ಟು ಓಡಿಸಿ, 20 ಮೆಷ್ ಜರಡಿ ಹಿಡಿಯಿರಿ. ಜರಡಿಯಲ್ಲಿ ನಿಂತದ್ದನ್ನು ಮತ್ತೆ ಮಿಕ್ಸಿಗೇ ಹಾಕಿ. ಕಲಸಿದ ಮೇಲೆ 25 ಗ್ರಾಂನ ಮೂರು ಭಾಗ ತೂಗಿಕೊಳ್ಳಿ. ಆ ಮೂರರ ಫಲಿತಾಂಶ ಒಂದಕ್ಕೊಂದು ದೂರವಿದ್ದರೆ ಪುಡಿ ಸರಿಯಾಗಿ ಬೆರೆತಿಲ್ಲ ಎಂದೇ ಮೊದಲು ಅನುಮಾನಿಸಿ.

25 ಗ್ರಾಂ ಪುಡಿ, 5 ಗ್ರಾಂ ಉಪ್ಪು, 125 ಮಿ.ಲೀ. ಮೆಥನಾಲ್–ನೀರು (70:30) ಸೇರಿಸಿ ಬ್ಲೆಂಡರಿನಲ್ಲಿ ಜೋರು ವೇಗದಲ್ಲಿ 2 ನಿಮಿಷ. ಸೋಸಿ. 15 ಮಿ.ಲೀ. ಸೋಸಿದ ದ್ರವಕ್ಕೆ 30 ಮಿ.ಲೀ. ನೀರು ಬೆರೆಸಿ, ಗಾಜಿನ ನಾರಿನ ಫಿಲ್ಟರಿನಲ್ಲಿ ಮತ್ತೊಮ್ಮೆ ಸೋಸಿ. ಇದರ 15 ಮಿ.ಲೀ. 1 ಗ್ರಾಂ ಶೇಂಗಾಕ್ಕೆ ಸಮ. ಅದನ್ನು ಇಮ್ಯುನೊಅಫಿನಿಟಿ ಕಾಲಂ (ಅಫ್ಲಾಟಾಕ್ಸಿನ್ ಹಿಡಿದಿಡುವ ಪುಟ್ಟ ಕೊಳವೆ) ಮೂಲಕ ಸೆಕೆಂಡಿಗೆ ಒಂದೆರಡು ಹನಿಯಂತೆ ಇಳಿಸಿ, 10 ಮಿ.ಲೀ. ನೀರಿನಿಂದ ಎರಡು ಸಲ ತೊಳೆದು, 1 ಮಿ.ಲೀ. ಮೆಥನಾಲಿನಿಂದ ವಿಷವನ್ನು ಬಿಡಿಸಿಕೊಳ್ಳಿ.

ಕಾಲಂನೊಳಗಿರುವುದು ಪ್ರತಿಕಾಯ. ನೀರು ಬೆರೆಸದೆ ಮೆಥನಾಲ್ ದ್ರವ ನೇರ ಸುರಿದರೆ ಅದು ಕೆಡುತ್ತದೆ. ಕಾಲಂ ಹಿಡಿಯುವುದು ಸಾಮಾನ್ಯವಾಗಿ 100 ನ್ಯಾನೊಗ್ರಾಂ ಆಸುಪಾಸು ಮಾತ್ರ. ತುಂಬ ಕೆಟ್ಟ ಮಾದರಿಯಾದರೆ ಹೆಚ್ಚಿನದು ಸೋರಿ ಹೋಗಿ ಫಲಿತಾಂಶ ಕಡಿಮೆ ತೋರುತ್ತದೆ. 100 ಪಿಪಿಬಿ ಹತ್ತಿರ ಬಂದ ಮಾದರಿಯನ್ನು ಕಡಿಮೆ ದ್ರವ ಹಾಕಿ ಮತ್ತೆ ಮಾಡಿ.

ಎಚ್.ಪಿ.ಎಲ್.ಸಿ. (ದ್ರವದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಸಿ-18 ಕಾಲಂ, ಫ್ಲೋರೆಸೆನ್ಸ್ ಡಿಟೆಕ್ಟರ್, 365 ನ್ಯಾ.ಮೀ. ಬೆಳಕು ಕೊಟ್ಟು 435ರಲ್ಲಿ ಓದುವುದು. ಶೇಂಗಾದಲ್ಲಿ ನೋಡುವ ಅಫ್ಲಾಟಾಕ್ಸಿನ್ ನಾಲ್ಕು ಬಗೆ: ಬಿ1, ಬಿ2, ಜಿ1, ಜಿ2. ಇವುಗಳಲ್ಲಿ ಬಿ1, ಜಿ1 ನೀರು ಬೆರೆತ ದ್ರವದಲ್ಲಿ ಮಂಕಾಗುವುದರಿಂದ ಬ್ರೋಮಿನ್ ಅಥವಾ ಯು.ವಿ. ಡೆರಿವಟೈಸೇಶನ್ (ಹೊಳಪು ಹೆಚ್ಚಿಸುವ ರಾಸಾಯನಿಕ ಮಾರ್ಪಾಡು) ಬೇಕೇ ಬೇಕು. ಇಲ್ಲದಿದ್ದರೆ ಬಿ2, ಜಿ2 ಮಾತ್ರ ಎದ್ದು ಕಾಣುತ್ತವೆ.

ಯಂತ್ರವಿಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ, ತಟ್ಟೆಯ ತೆಳು ಪದರದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ಟಿ.ಎಲ್.ಸಿ. ಸಾಕು. ಕಾಲಂನಿಂದ ಬಿಡಿಸಿಕೊಂಡ 1 ಮಿ.ಲೀ. ಮೆಥನಾಲನ್ನು ಸಾರಜನಕದಡಿ ಒಣಗಿಸಿ, 100 ಮೈಕ್ರೊಲೀಟರ್ ಕ್ಲೋರೊಫಾರ್ಮಿನಲ್ಲಿ ಕರಗಿಸಿ, 10 ಮೈಕ್ರೊಲೀಟರ್ ಸಿಲಿಕಾ ಜೆಲ್ ತಟ್ಟೆಗೆ ಹಚ್ಚಿ. ಪಕ್ಕದಲ್ಲಿ 1, 2, 5 ನ್ಯಾನೊಗ್ರಾಂ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಶುದ್ಧ ಅಫ್ಲಾಟಾಕ್ಸಿನ್). ಕ್ಲೋರೊಫಾರ್ಮ್–ಅಸಿಟೋನ್ 9:1ರಲ್ಲಿ ಓಡಿಸಿ 365 ನ್ಯಾ.ಮೀ. ದೀಪದಡಿ ನೋಡಿದರೆ ಮೇಲಿನಿಂದ ಬಿ1, ಬಿ2 ನೀಲಿ, ಜಿ1, ಜಿ2 ಹಸಿರು. 1 ನ್ಯಾನೊಗ್ರಾಂ ಚುಕ್ಕೆ ಕಂಡರೆ 10 ಪಿಪಿಬಿ ಎಂದರ್ಥ. ನಮ್ಮ 15ರ ಮಿತಿಗೆ ಇದು ಸಾಲುತ್ತದೆ, ನೇರ ತಿನ್ನುವ ಶೇಂಗಾಕ್ಕೆ ಯುರೋಪ್ ಇಟ್ಟ ಬಿ1ರ 2 ಪಿಪಿಬಿಗೆ ಸಾಲದು. ನೀಲಿ ಹೊಳೆದದ್ದೆಲ್ಲ ಅಫ್ಲಾಟಾಕ್ಸಿನ್ ಅಲ್ಲ: ದುರ್ಬಲ ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿದಾಗ ಚುಕ್ಕೆ ಹಳದಿಗೆ ತಿರುಗದಿದ್ದರೆ ಅದನ್ನು ಕೈಬಿಡಿ.

ರಿಕವರಿ, ಅಂದರೆ ಗೊತ್ತಿರುವಷ್ಟು ವಿಷ ಬೆರೆಸಿದರೆ ಅದರಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂಬುದನ್ನು, ನೋಡದೆ ಯಾವ ಅಂಕಿಯನ್ನೂ ಬರೆಯಬೇಡಿ. ಶುದ್ಧ ಶೇಂಗಾ ಪುಡಿ 25 ಗ್ರಾಂಗೆ 1 ಮೈಕ್ರೊಗ್ರಾಂ/ಮಿ.ಲೀ. ಸ್ಟ್ಯಾಂಡರ್ಡ್ ದ್ರಾವಣದ 250 ಮೈಕ್ರೊಲೀಟರ್ ಹಾಕಿದರೆ 10 ಪಿಪಿಬಿ. ಅರ್ಧ ಗಂಟೆ ಕತ್ತಲಲ್ಲಿಟ್ಟು ಇಡೀ ಕ್ರಮ ನಡೆಸಿ. 70–110% ಮರಳಿ ಬರಬೇಕು. ಕಡಿಮೆ ಬಂದರೆ ಗಾಜಿನ ಕಡೆಗೂ ನೋಡಿ. ನೀರು ಹೆಚ್ಚಿರುವ ದ್ರವದಿಂದ ಅಫ್ಲಾಟಾಕ್ಸಿನ್ ಗಾಜಿಗೆ ಅಂಟಿಕೊಳ್ಳುತ್ತದೆ, ಬೆಳಕಿಗೆ ಒಡೆಯುತ್ತದೆ. ಆಮ್ಲದಲ್ಲಿ ತೊಳೆದು ಚೆನ್ನಾಗಿ ಜಾಲಿಸಿದ ಕಂದು ಸೀಸೆಗಳೇ ಆಗಬೇಕು.

ಬಿ1 ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ತರುವುದು ಖಚಿತವಾದ ವಸ್ತು. ಸ್ಟ್ಯಾಂಡರ್ಡನ್ನು ಪುಡಿಯಾಗಿ ಕೊಳ್ಳಬೇಡಿ. ಆ ಪುಡಿ ಸ್ಥಿರವಿದ್ಯುತ್ತಿಗೆ ಹಾರಿ ಎಲ್ಲೆಲ್ಲೋ ಅಂಟುತ್ತದೆ. ದ್ರಾವಣವನ್ನೇ ತರಿಸಿ. ಶೇಂಗಾ ರುಬ್ಬುವಾಗ ಎನ್-95 ಮಾಸ್ಕ್, ಎಲ್ಲ ಕೆಲಸಕ್ಕೂ ನೈಟ್ರೈಲ್ ಗ್ಲೌಸ್. ಗಾಜಿನ ಸಾಮಾನು 1% ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಕನಿಷ್ಠ 2 ಗಂಟೆ ಮುಳುಗಿರಲಿ, ನಂತರ ಒಟ್ಟು ದ್ರವದ 5%ರಷ್ಟು ಅಸಿಟೋನ್ ಸೇರಿಸಿ. ಅಸಿಟೋನ್ ಬಿಟ್ಟರೆ ಹೈಪೊಕ್ಲೋರೈಟ್ ಕ್ರಿಯೆಯಿಂದ ಹುಟ್ಟುವ ಇನ್ನೊಂದು ವಿಷಕಾರಿ ವಸ್ತು ಉಳಿದುಬಿಡಬಹುದು. ಟಿ.ಎಲ್.ಸಿ.ಯ ಕ್ಲೋರೊಫಾರ್ಮ್–ಅಸಿಟೋನ್ ತ್ಯಾಜ್ಯಕ್ಕೆ ಬೇರೆ ಸೀಸೆ. ಅದಕ್ಕೆ ಬ್ಲೀಚಾಗಲಿ ಕ್ಷಾರವಾಗಲಿ ಬಿದ್ದರೆ ಸ್ಫೋಟಿಸಬಹುದು.

ವರದಿಯಲ್ಲಿ 'ಸೊನ್ನೆ' ಎಂದು ಬರೆಯದೆ, ಪತ್ತೆಮಿತಿ ಎಷ್ಟು ಎಂದು ಹೇಳಿ ಅದಕ್ಕಿಂತ ಕಡಿಮೆ ಎನ್ನಿ. ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೊಡಿ, ಒಂದೆರಡು ಕೆಟ್ಟ ಮಾದರಿ ಸರಾಸರಿಯನ್ನು ಎಳೆದೊಯ್ಯುತ್ತವೆ. ಐದು ಕೆ.ಜಿ. ಮಾದರಿ ಇಟ್ಟುಕೊಂಡು 'ಚಿತ್ರದುರ್ಗ ಜಿಲ್ಲೆಯ ಶೇಂಗಾ' ಎಂಬ ಶೀರ್ಷಿಕೆ ಹಾಕುವುದು ಅತಿಯಾಯಿತು.

ಪಿಎಚ್.ಡಿ.ಗೆ ಇದನ್ನೇ ಮುಂದುವರಿಸುವವರಿಗೆ ಹಿಂಡಿ ಒಳ್ಳೆಯ ದಾರಿ. ಎಣ್ಣೆ ತೆಗೆದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿಗೆ ಅದು ಎಂ1 ರೂಪದಲ್ಲಿ ಇಳಿಯುತ್ತದೆ, ಅಲ್ಲಿ ಮಿತಿ 0.5 ಪಿಪಿಬಿ. ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ಸುತ್ತಲಿನ ಹಳ್ಳಿಯ ಹಾಲಿನ ಡೇರಿವರೆಗೆ ಒಂದೇ ಹಿಂಡಿಯ ಜಾಡು ಹಿಡಿದು ಅಳೆಯಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಂಥ ಕಡೆ ಸಂದರ್ಶನಕ್ಕೆ ಹೋಗುವಾಗ ಕ್ರೊಮಾಟೊಗ್ರಾಂ ಚಿತ್ರಗಳಿಗಿಂತ ಮೊದಲು ಮಾದರಿ ತೆಗೆದ ಪುಸ್ತಕ, ರಿಕವರಿ ಪಟ್ಟಿ ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ.