ಮಂಜಿನಲ್ಲಿ ಬಿದ್ದ ವಿಮಾನದ ವರದಿಯನ್ನು ಓದುವ ಕ್ರಮ

ಮಗಳು ಪೈಲಟ್ ತರಬೇತಿಗೆ ಸೇರಿದ ವರ್ಷ ನಾನು ಅಪಘಾತದ ವರದಿಗಳನ್ನು ಓದತೊಡಗಿದೆ. ಹೆದರಿಕೆಯೇ ಕಾರಣ. ಚಿಕ್ಕಬಳ್ಳಾಪುರದಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಹೆದರಿಕೆಯಾದರೆ ಕೈ ತಾನಾಗಿ ಗ್ರಾಫ್ ಹಾಳೆಯತ್ತ ಹೋಗುತ್ತದೆ. ಈಗ ಅವಳ ಸಹಪಾಠಿಗಳೂ ಹೇಗೆ ಓದುವುದೆಂದು ಕೇಳುತ್ತಾರೆ.

ಮೊದಲು ಮೂರನೆಯ ಭಾಗದ ಹಾಳೆಗಳಿಗೆ ಕ್ಲಿಪ್ ಹಾಕಿ. ಅಂತರರಾಷ್ಟ್ರೀಯ ಮಾದರಿಯ ವರದಿಯಲ್ಲಿ ಸಂಗತಿ, ವಿಶ್ಲೇಷಣೆ, ತೀರ್ಮಾನ, ಶಿಫಾರಸು ಎಂಬ ನಾಲ್ಕು ಭಾಗಗಳಿರುತ್ತವೆ. ತೀರ್ಮಾನವನ್ನು ಮೊದಲೇ ಓದಿದರೆ ‘ಪೈಲಟ್ ತಪ್ಪು’ ಎಂದುಕೊಂಡು ಮಡಚಿಡುತ್ತೀರಿ. ಮೊದಲ ಭಾಗವಾದ ಸಂಗತಿಯಲ್ಲಿ 1.1ರ ಹಾರಾಟದ ವಿವರ, 1.5ರ ಸಿಬ್ಬಂದಿ, 1.7ರ ಹವಾಮಾನ, 1.8ರ ದಾರಿ ತೋರುವ ಉಪಕರಣ, 1.10ರ ನಿಲ್ದಾಣ, ಇಷ್ಟನ್ನು ಓದಿ.

ಹವಾಮಾನದ ಪುಟದಲ್ಲಿ ಎರಡು ಕಡೆ ಎಡವುತ್ತೇವೆ. ವೇಳೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ವೇಳೆಯಲ್ಲಿ ಇದ್ದರೆ, ನಮ್ಮ ದೇಶದ ಘಟನೆಗೆ ಐದೂವರೆ ಗಂಟೆ ಕೂಡಿಸಬೇಕು. ಮೋಡದ ತಳವನ್ನು ನೆಲದಿಂದ ಅಳೆದಿರುತ್ತಾರೆ, ವಿಮಾನದ ಎತ್ತರ ತೋರುವ ಆಲ್ಟಿಮೀಟರ್ ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಎಣಿಸುತ್ತದೆ. ದೇವನಹಳ್ಳಿಯ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ 200 ಅಡಿಯ ಮೋಡವೆಂದರೆ ಮುಳ್ಳು 3,200ರಲ್ಲಿರುತ್ತದೆ.

ನನ್ನನ್ನು ಬಹಳ ದಿನ ಕಾಡಿದ್ದು ಬೇರೆ: ಮೇಲೆ ಹಾರುವಾಗ ಕಂಡ ರನ್‌ವೇ ಇಳಿಯುವಾಗ ಎಲ್ಲಿ ಹೋಗುತ್ತದೆ? ಉತ್ತರ ನಂದಿಬೆಟ್ಟದಲ್ಲಿ ಸಿಕ್ಕಿತು. ಜನವರಿಯ ಬೆಳಿಗ್ಗೆ ಮೇಲಿನಿಂದ ಬಗ್ಗಿ ನೋಡಿದರೆ ತೆಳುಮಂಜಿನ ಕೆಳಗೆ ದ್ರಾಕ್ಷಿ ತೋಟದ ಕಂಬಗಳನ್ನೂ ಎಣಿಸಬಹುದು. ಕೆಳಗಿಳಿದು ಅದೇ ಮಂಜಿನೊಳಗೆ ಹೊಕ್ಕರೆ ಮುಂದಿನ ಹೂವಿನ ಟೆಂಪೊ ಕಾಣುವುದಿಲ್ಲ. ಗ್ರಾಫ್ ಹಾಳೆಯಲ್ಲಿ 100 ಅಡಿ ದಪ್ಪದ ಮಂಜು ಬರೆಯಿರಿ. ನೇರ ಕೆಳಗೆ ನೋಡಿದರೆ ಕಣ್ಣು ದಾಟಬೇಕಾದ್ದು 100 ಅಡಿ. ಇಳಿಯುವ ದಾರಿಯ 3 ಡಿಗ್ರಿ ಓರೆಯಲ್ಲಿ ನೋಡಿದರೆ ಸುಮಾರು 1,900 ಅಡಿ. ಹತ್ತೊಂಬತ್ತು ಪಟ್ಟು! ಪೈಲಟ್ ‘ರನ್‌ವೇ ಕಾಣುತ್ತಿದೆ’ ಎಂದಿದ್ದರೆ, ಯಾವ ಕೋನದಿಂದ ಎಂದು ಅಂಚಿನಲ್ಲಿ ಬರೆದುಕೊಳ್ಳಿ.

ಅದೇ ಹಾಳೆಯಲ್ಲಿ ಇಳಿಯುವ ಗೆರೆಯನ್ನೂ ಎಳೆಯಿರಿ: ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 318 ಅಡಿ ಇಳಿತ. 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗದ ಪುಟ್ಟ ವಿಮಾನಕ್ಕೆ 200 ಅಡಿಯಿಂದ ನೆಲಕ್ಕೆ ಇರುವುದು 25 ಸೆಕೆಂಡು. ಯೋಚಿಸುವ ಜಾಗವಲ್ಲ ಅದು. ಆದ್ದರಿಂದ ಕೆಂಪು ಪೆನ್ನಿನಿಂದ, ಅವರು ಇನ್ನೂ ಹಿಂದಿರುಗಬಹುದಾಗಿದ್ದ ಪ್ರತಿಯೊಂದು ಘಳಿಗೆಗೂ ಚುಕ್ಕೆ ಇಡಿ.

ಆ ಚುಕ್ಕೆಗಳು ಹೆಚ್ಚಾಗಿ ರನ್‌ವೇಯಿಂದ ದೂರವೇ ಬೀಳುತ್ತವೆ. ರೇಸ್ ಚಾಲಕ ಗ್ರಹಾಂ ಹಿಲ್ 1975ರ ನವೆಂಬರ್ 29ರಂದು ಲಂಡನ್ ಬಳಿಯ ಎಲ್‌ಸ್ಟ್ರೀ ನಿಲ್ದಾಣಕ್ಕೆ ತಾವೇ ವಿಮಾನ ನಡೆಸುತ್ತ ಮಂಜಿನಲ್ಲಿ ಇಳಿಯಲು ಹೋಗಿ, ತಂಡದ ಐವರೊಂದಿಗೆ ಸತ್ತರು. ಹೊರಗೆ ಏನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅವರ ಅರ್ಹತೆಯ ಅವಧಿ ಮುಗಿದಿತ್ತು. ನನ್ನ ಮೊದಲ ಚುಕ್ಕೆ ಹೊರಡುವ ಮೊದಲೇ ಬಿತ್ತು. 2025ರ ಮೇ 22ರ ನಸುಕಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಂಜಿನ ನಡುವೆ ಸೆಸ್ನಾ ಸೈಟೇಷನ್ ಜೆಟ್ ಬಿದ್ದು ಆರು ಜನ ಸತ್ತರು. ಅದು ಇಳಿಯಬೇಕಿದ್ದ ನಿಲ್ದಾಣದ ಹವಾಮಾನ ಯಂತ್ರ ಕೆಟ್ಟಿತ್ತು, ರನ್‌ವೇಗೆ ದಾರಿ ತೋರುವ ದೀಪಗಳೂ ಉರಿಯುತ್ತಿರಲಿಲ್ಲ. ವಿಮಾನ ರಾತ್ರಿಯಿಡೀ ದೇಶವನ್ನು ದಾಟಿ ಬಂದಿತ್ತು. 1.7, 1.8, 1.10 ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕಾದ ಪ್ರಕರಣ ಇದು.

ಕೊನೆಗೆ ಕ್ಲಿಪ್ ತೆಗೆದು, ನಿಮ್ಮ ಚುಕ್ಕೆಗಳನ್ನು ತನಿಖಾಧಿಕಾರಿಗಳ ಮಾತಿನೊಂದಿಗೆ ಹೋಲಿಸಿ. ನಾನು ಈಗಲೂ ಒಂದೆರಡು ಚುಕ್ಕೆ ತಡವಾಗಿ ಇಡುತ್ತೇನೆ. ಮಗಳು ರಜೆಗೆ ಬಂದಾಗ ಅವನ್ನು ಎಡಕ್ಕೆ ಸರಿಸಿ, ಪಕ್ಕದಲ್ಲಿ ಸಹಿ ಹಾಕಿ ಹೋಗುತ್ತಾಳೆ.