ಎಲ್ಲದಕ್ಕೂ ನಾಲ್ಕು ಅಂಕ ಬೇಡ: ಸೈಬರ್ ಭದ್ರತೆಯ ಗುರಿಮಟ್ಟ ನಿಗದಿ ಹೇಗೆ?

ಆಡಳಿತ ಮಂಡಳಿಯ ಸಭೆಯಲ್ಲಿ ಸೈಬರ್ ಭದ್ರತೆಯ ಮಾತು ಬಂದರೆ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಒಂದೋ, ‘ನಮ್ಮಂಥ ಸಣ್ಣವರನ್ನು ಯಾರು ಹ್ಯಾಕ್ ಮಾಡ್ತಾರೆ ಮಾರಾಯ್ರೇ’ ಎಂದು ಮುಂದಿನ ವಿಷಯಕ್ಕೆ ಹಾರುತ್ತಾರೆ. ಇಲ್ಲವೇ, ಭದ್ರತಾ ಸೇವೆ ಮಾರುವ ಕಂಪನಿಯವರು ತಂದಿಟ್ಟ ಪಟ್ಟಿ ನೋಡಿ ಎಲ್ಲದರಲ್ಲೂ ಮೇಲಿನ ಮಟ್ಟವೇ ಬೇಕೆಂದು ನಿರ್ಣಯ ಬರೆಯುತ್ತಾರೆ. ಎರಡನೆಯದಕ್ಕೆ ದುಡ್ಡೂ ಹೋಗುತ್ತದೆ, ವರ್ಷ ಕಳೆದ ಮೇಲೆ ನೋಡಿದರೆ ಬಾಗಿಲೂ ತೆರೆದೇ ಇರುತ್ತದೆ.

ಲೆಕ್ಕಕ್ಕೆ ಒಂದು ಕಾಲ್ಪನಿಕ ಸೌಹಾರ್ದ ಸಹಕಾರಿ ಇಟ್ಟುಕೊಳ್ಳೋಣ. ಸುರತ್ಕಲ್‌ನಿಂದ ಕುಂದಾಪುರದವರೆಗೆ 12 ಶಾಖೆ, 70 ಸಿಬ್ಬಂದಿ, 40 ಪಿಗ್ಮಿ ಸಂಗ್ರಾಹಕರು. ಸರ್ವರ್ ಪ್ರಧಾನ ಕಚೇರಿಯಲ್ಲಿ, ಕಂಪ್ಯೂಟರ್ ವಿಭಾಗದಲ್ಲಿ ಇಬ್ಬರೇ ಇಬ್ಬರು.

ಮೊದಲು ಅಳತೆಗೋಲು

ಅಮೆರಿಕ ಸರ್ಕಾರದ, ಮಾನದಂಡ ರೂಪಿಸುವ ನಿಸ್ಟ್ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಹೊರತಂದ ಸೈಬರ್ ಭದ್ರತಾ ಚೌಕಟ್ಟಿನ 2.0 ಆವೃತ್ತಿ ಉಚಿತ. ಕೆಲಸವನ್ನು ಅದು ಆರು ಭಾಗ ಮಾಡುತ್ತದೆ: ಆಡಳಿತ, ಗುರುತಿಸುವಿಕೆ, ರಕ್ಷಣೆ, ಪತ್ತೆ, ಸ್ಪಂದನೆ, ಚೇತರಿಕೆ. ಇವುಗಳ ಕೆಳಗೆ 22 ವಿಭಾಗಗಳಿವೆ. ಅಂಕ ಹಾಕಬೇಕಾದದ್ದು ಈ ವಿಭಾಗಗಳಿಗೆ. ಮಟ್ಟಗಳ ಅರ್ಥವನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. 0 ಎಂದರೆ ಆ ಕೆಲಸವೇ ಇಲ್ಲ. 1 ಎಂದರೆ ಯಾರಿಗಾದರೂ ನೆನಪಾದಾಗ ಮಾಡುತ್ತಾರೆ. 2, ಕ್ರಮವಾಗಿ ಮಾಡುತ್ತಾರೆ, ಆದರೆ ಕೆಲವೇ ಶಾಖೆಗಳಲ್ಲಿ, ಬರವಣಿಗೆಯಿಲ್ಲದೆ. 3, ಬರೆದಿಟ್ಟ ಕ್ರಮ, ಎಲ್ಲ ಶಾಖೆಗಳಲ್ಲೂ ಒಂದೇ ರೀತಿ, ಕೇಳಿದಾಗ ತೋರಿಸಲು ದಾಖಲೆ. 4, ಅದರ ಫಲವನ್ನು ಅಳೆದು ಮಂಡಳಿಗೆ ವರದಿ. ಒಮ್ಮೆ ಬರೆದ ಮೇಲೆ ಎರಡು ವರ್ಷ ಈ ಸಾಲುಗಳನ್ನು ಮುಟ್ಟಬೇಡಿ. ಅಳತೆಗೋಲೇ ಬದಲಾದರೆ ಹೋದ ವರ್ಷದ ಅಂಕಕ್ಕೂ ಈ ವರ್ಷದ ಅಂಕಕ್ಕೂ ತಾಳೆಯಾಗುವುದಿಲ್ಲ.

ಕಾನೂನಿನ ಕನಿಷ್ಠ

ಕೆಲವು ಮಟ್ಟಗಳು ಚರ್ಚೆಗೆ ಸಿಗುವಂಥವಲ್ಲ. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಅದರ ಪಟ್ಟಿಯಲ್ಲಿರುವ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳಲ್ಲಿ ಯಾವಾಗ ಏನಾಯಿತು ಎಂಬ ದಾಖಲೆಯಾದ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಯಂತ್ರಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು. ಆರು ಗಂಟೆಯೊಳಗೆ ವರದಿ ಮಾಡಬೇಕಾದರೆ ಯಾರು, ಯಾರಿಗೆ, ಯಾವ ನಮೂನೆಯಲ್ಲಿ ಎಂದು ಮೊದಲೇ ಬರೆದಿಟ್ಟಿರಬೇಕಷ್ಟೆ. ಹಾಗಾಗಿ ಸ್ಪಂದನೆಗೆ 3ಕ್ಕಿಂತ ಕೆಳಗಿನ ಗುರಿ ಇಡುವಂತೆಯೇ ಇಲ್ಲ. ಗ್ರಾಹಕರ ಮಾಹಿತಿ ಕಾಯಲು ಸೂಕ್ತ ಕ್ರಮ ಕೈಗೊಳ್ಳದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ನಗರ ಸಹಕಾರಿ ಬ್ಯಾಂಕುಗಳಿಗೆ ಆರ್‌ಬಿಐ 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ನಾಲ್ಕು ಹಂತ ಮಾಡಿದೆ. ಬ್ಯಾಂಕಿನ ಗಾತ್ರಕ್ಕಿಂತ ಅದು ಡಿಜಿಟಲ್ ಸೇವೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡುವ ಪದ್ಧತಿ ಇದು. ಇಂಟರ್‌ನೆಟ್ ಅಥವಾ ಮೊಬೈಲ್ ಬ್ಯಾಂಕಿಂಗ್ ಶುರು ಮಾಡಿದರೆ ಮೇಲಿನ ಹಂತ, ಎಟಿಎಂ ವ್ಯವಹಾರಗಳನ್ನು ರವಾನಿಸುವ ಸ್ವಂತ ಸ್ವಿಚ್ ಇಟ್ಟರೆ ಇನ್ನೂ ಮೇಲೆ. ಪತ್ತಿನ ಸಹಕಾರಿಗಳಿಗೆ ಇದು ನೇರವಾಗಿ ಅನ್ವಯಿಸದು. ಆದರೂ ಯೋಚನೆಯ ದಾರಿ ಸರಿಯಿದೆ, ಎರವಲು ಪಡೆಯಬಹುದು.

ಶಾಖೆಯಲ್ಲಿ ಕೇಳಬೇಕಾದ ಪ್ರಶ್ನೆ

ಪ್ರತಿ ಶಾಖೆಯ ವ್ಯವಸ್ಥಾಪಕರಿಗೆ ಒಂದೇ ಪ್ರಶ್ನೆ ಹಾಕಿ: ಕಂಪ್ಯೂಟರ್ ಇಲ್ಲದೆ ಕೌಂಟರ್ ಎಷ್ಟು ಹೊತ್ತು ನಡೆಸಬಲ್ಲಿರಿ? ಠೇವಣಿ ಕಟ್ಟಿಸಿಕೊಳ್ಳುವುದಾದರೆ ರಸೀದಿ ಪುಸ್ತಕ ಹಿಡಿದು ಒಂದು ದಿನ ತಳ್ಳಬಹುದು. ಚಿನ್ನದ ಸಾಲ ಬಿಡಿಸಿಕೊಳ್ಳಲು ಬಂದವರನ್ನು ಹಾಗೆ ಕೂರಿಸಲಾಗದು. ನಾಳೆ ಮದುವೆ, ಇವತ್ತು ಒಡವೆ ಬೇಕು. ಬಾಕಿ, ಬಡ್ಡಿ ಎಲ್ಲ ಸರ್ವರ್ ಒಳಗೆ. ಉತ್ತರ ‘ಅರ್ಧ ದಿನ’ ಎಂದಾದರೆ ಚೇತರಿಕೆಯ ಗುರಿ ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ಇಂದಿನ ಅಂಕಕ್ಕೆ ಸಾಕ್ಷಿ

ಗುರಿ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕೆಲಸ ಮಾಡುವವರೇ ತಮಗೆ ತಾವು ಅಂಕ ಹಾಕಿಕೊಂಡರೆ 3ಕ್ಕಿಂತ ಕಡಿಮೆ ಬರುವುದು ಅಪರೂಪ. ಬಾಯಿಮಾತಿಗೆ ಅಂಕವಿಲ್ಲ ಎಂಬ ನಿಯಮ ಇಡಿ.

ಬ್ಯಾಕಪ್ ನೋಡಿ. ‘ದಿನಾ ಬ್ಯಾಕಪ್ ಆಗ್ತದೆ ಸರ್, ಡಿಸ್ಕ್ ಸರ್ವರ್ ಹತ್ರವೇ ಉಂಟು’ ಎಂದರೆ ಆ ‘ಹತ್ರವೇ’ ಎಂಬಲ್ಲಿಯೇ ದೋಷ. ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಸರ್ವರ್ ಜೊತೆಗೇ ಬೀಗ ಹಾಕಿಬಿಡುತ್ತದೆ. ಜೂನ್‌ನ ಸಿಡಿಲಿಗೂ ನೀರಿಗೂ ಎರಡೂ ಒಟ್ಟಿಗೇ ಸಿಗುತ್ತವೆ. ಒಂದು ಭಾನುವಾರ ಬೇರೆ ಶಾಖೆಯಲ್ಲಿಟ್ಟ ಪ್ರತಿಯನ್ನು ತರಿಸಿ, ಸರ್ವರ್ ಮುಟ್ಟದೆ ಬೇರೊಂದು ಖಾಲಿ ಯಂತ್ರಕ್ಕೆ ಅದನ್ನು ಇಳಿಸಿ. ಶುರುವಾದ ಸಮಯ ಬರೆದುಕೊಳ್ಳಿ. ತಂತ್ರಾಂಶ ತೆರೆದ ಮೇಲೆ ಶನಿವಾರ ಸಂಜೆಯ ನಗದು ಶಿಲ್ಕು ಮತ್ತು ಒಟ್ಟು ಠೇವಣಿಯನ್ನು ದಿನವಹಿಯೊಂದಿಗೆ ತಾಳೆ ಹಾಕಿ. ಮೊದಲ ಸಲ ಇದು ಕೈಕೊಡುವುದೇ ಹೆಚ್ಚು, ಕಾರಣಗಳೂ ಹೆಚ್ಚುಕಡಿಮೆ ಅವೇ. ಬ್ಯಾಕಪ್ಪಿನ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟಿರುತ್ತಾರೆ. ಲೈಸೆನ್ಸ್ ಹಳೆಯ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಡಿಸ್ಕ್ ತುಂಬಿ ತಿಂಗಳುಗಟ್ಟಲೆ ಬ್ಯಾಕಪ್ ನಿಂತಿದ್ದರೂ ಎಚ್ಚರಿಕೆಯ ಇಮೇಲ್ ಯಾರೂ ತೆರೆಯದ ವಿಳಾಸಕ್ಕೆ ಹೋಗುತ್ತಿರುತ್ತದೆ. ತಾಳೆಯಾಗದಿದ್ದರೆ ಅಂಕ 1, ದಿನಾ ಬ್ಯಾಕಪ್ ತೆಗೆದರೂ.

ಪ್ರವೇಶದ, ಅಂದರೆ ಯಾರ್ಯಾರಿಗೆ ಲಾಗಿನ್ ಇದೆ ಎಂಬುದರ ಅಂಕಕ್ಕೆ ಇನ್ನೂ ಸುಲಭದ ಪರೀಕ್ಷೆಯಿದೆ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಈಗ ಮೊಬೈಲ್ ಆ್ಯಪ್‌ನಲ್ಲಿ ನಡೆಯುತ್ತದೆ. ಕಳೆದ 12 ತಿಂಗಳಲ್ಲಿ ಬಿಟ್ಟುಹೋದ ಸಂಗ್ರಾಹಕರ, ಸಿಬ್ಬಂದಿಯ ಪಟ್ಟಿ ಒಂದು ಕೈಯಲ್ಲಿ, ಚಾಲ್ತಿಯಲ್ಲಿರುವ ಲಾಗಿನ್ ಪಟ್ಟಿ ಇನ್ನೊಂದು ಕೈಯಲ್ಲಿ. ಒಂದೇ ಒಂದು ಹೆಸರು ಎರಡರಲ್ಲೂ ಕಂಡರೂ 3 ಕೊಡಬೇಡಿ.

ಗುರಿ ಇಡುವುದು

ನಮ್ಮ ಸಹಕಾರಿಗೆ ಮುಂದಿನ 18 ತಿಂಗಳಿಗೆ ನಾವು ಬರೆಯುವ ಗುರಿ ಹೀಗಿದ್ದೀತು: ಬ್ಯಾಕಪ್ ಮತ್ತು ಚೇತರಿಕೆಗೆ 4, ಪ್ರವೇಶಕ್ಕೆ 3, ಯಂತ್ರ-ತಂತ್ರಾಂಶಗಳ ಪಟ್ಟಿಗೆ 3, ಸಿಬ್ಬಂದಿ ತರಬೇತಿಗೆ 3, ತಂತ್ರಾಂಶ ಕಂಪನಿಯ ಮೇಲಿನ ನಿಗಾಕ್ಕೆ ಸದ್ಯ 2. ಪತ್ತೆಗೆ 3, ಅದೂ ಹೊರಗಿನ ಸೇವೆಯಿಂದ. ಯಾಕೆಂದರೆ ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಮೂರೂವರೆ ಜನ, ರಜೆ-ಅನಾರೋಗ್ಯ ಸೇರಿಸಿದರೆ ಐವರು ಬೇಕು. ಇಬ್ಬರಿರುವ ವಿಭಾಗ ಹಗಲು ರಾತ್ರಿ ಕಾವಲು ಕಾಯುತ್ತದೆ ಎಂದು ಬರೆದರೆ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ.

ಸರಾಸರಿ ತೆಗೆಯಬೇಡಿ. ಒಂದು ಕಡೆ 4, ಇನ್ನೊಂದು ಕಡೆ 0 ಇದ್ದರೆ ಸರಾಸರಿ 2. ಕಳ್ಳ ಬರುವುದು ಸೊನ್ನೆಯ ಬಾಗಿಲಿಂದ. ಹಂಚಿನ ಮಾಡಿನಲ್ಲಿ ಒಡೆದ ಹಂಚು ಒಂದೇ ಇದ್ದರೂ ಹಾಸಿಗೆ ಒದ್ದೆಯಾಗುತ್ತದಲ್ಲ, ಹಾಗೆ. ಆಸ್ಟ್ರೇಲಿಯಾ ಸರ್ಕಾರದ ‘ಎಸೆನ್ಶಿಯಲ್ ಎಯ್ಟ್’ ಮಾದರಿಯೂ ಎಂಟೂ ಕ್ರಮಗಳನ್ನು ಒಂದು ಮಟ್ಟಕ್ಕೆ ತಂದ ಮೇಲೆಯೇ ಮುಂದಿನ ಮಟ್ಟಕ್ಕೆ ಹೋಗಿ ಎನ್ನುತ್ತದೆ. ನಾವು ಬ್ಯಾಕಪ್ಪಿಗೆ ಒಂದು ಮೆಟ್ಟಿಲು ಹೆಚ್ಚು ಇಟ್ಟಿದ್ದೇವೆ, ಚಿನ್ನದ ಸಾಲದ ಕಾರಣಕ್ಕೆ. ಆ ಕಾರಣವನ್ನೂ ಗುರಿಯ ಪಕ್ಕದಲ್ಲೇ ಬರೆಯಬೇಕು.

ಅನುಕ್ರಮ ತಪ್ಪಿದರೆ ಖರ್ಚು ದಂಡ. ಯಾವ ಯಂತ್ರಗಳಿವೆ ಎಂಬ ಪಟ್ಟಿಯೇ ಇಲ್ಲದೆ ನಿಗಾ ಸೇವೆ ಕೊಂಡರೆ ಪಟ್ಟಿಯಲ್ಲಿಲ್ಲದ ಹಳೆಯ ಯಂತ್ರವನ್ನು ಅದು ನೋಡುವುದೇ ಇಲ್ಲ. ಗಡಿಯಾರಗಳು ಹೊಂದಿಕೆಯಾಗದಿದ್ದರೆ ಎರಡು ಶಾಖೆಗಳ ಲಾಗ್ ಪಕ್ಕದಲ್ಲಿಟ್ಟಾಗ ಯಾವುದು ಮೊದಲಾಯಿತು ಎಂದು ಹೇಳಲಾಗದು. ಪಟ್ಟಿ, ಗಡಿಯಾರ, ಲಾಗ್, ಆಮೇಲೆ ನಿಗಾ.

ನಿರ್ಣಯದ ಸಾಲು

‘ಭದ್ರತೆ ಬಲಪಡಿಸುವುದು’ ಎಂಬ ನಿರ್ಣಯದಿಂದ ಏನೂ ಆಗದು. ‘ಬ್ಯಾಕಪ್: ಇಂದು 1, ಗುರಿ 4; ವರ್ಷಕ್ಕೆ ನಾಲ್ಕು ಬಾರಿ ಮರುಸ್ಥಾಪನೆ ಪರೀಕ್ಷೆ, 6 ಗಂಟೆಯೊಳಗೆ ತಾಳೆ; ಹೊಣೆ ಪ್ರಧಾನ ವ್ಯವಸ್ಥಾಪಕರದು’ ಎಂದು ಬರೆಯಿಸಿ, ಮೊತ್ತವನ್ನೂ ಸೇರಿಸಿ. ತಂತ್ರಾಂಶ ಕಂಪನಿಯ ನಿಗಾವನ್ನು 2ರಲ್ಲೇ ಬಿಟ್ಟದ್ದು ಮಂಡಳಿಗೆ ಗೊತ್ತಿದೆ ಎಂಬುದೂ ನಡಾವಳಿಯಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಅಂಕ ಹಾಕುವಾಗ ಬೇರೆ ಶಾಖೆಯವರು ಸಾಕ್ಷಿ ನೋಡಲಿ. ಯುಪಿಐ ಸೇವೆ ಶುರುವಾದರೆ ಅಥವಾ ತಂತ್ರಾಂಶ ಬದಲಾದರೆ ಮೂರು ತಿಂಗಳು ಕಾಯದೆ ಗುರಿ ಮತ್ತೆ ನೋಡಬೇಕು.

ಮಾರ್ಚ್‌ನಲ್ಲಿ ಲೆಕ್ಕಪತ್ರದ ಗಡಿಬಿಡಿ, ಆಗ ಏನೂ ಇಟ್ಟುಕೊಳ್ಳಬೇಡಿ. ಮೊದಲ ಮರುಸ್ಥಾಪನೆ ಪರೀಕ್ಷೆಗೆ ಮೇ ತಿಂಗಳ ಮೊದಲೆರಡು ಭಾನುವಾರಗಳಲ್ಲಿ ಒಂದನ್ನು ಗೊತ್ತು ಮಾಡಿ. ತಾಳೆಯಾಗದಿದ್ದರೆ ಮಳೆ ಹಿಡಿಯುವ ಮೊದಲು ಮತ್ತೊಮ್ಮೆ ಮಾಡಲು ದಿನ ಉಳಿದಿರುತ್ತದೆ.